ಬಚ್ಚಲ ಸುತ್ತಿನ ತಂಗಡಿ

"ಲೇ ಮುಂಡೆ, ಮೆಟ್ಲು ಮುಟ್ಟಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಬುಟ್ಟಿ ಆ ಕಡಿಂದ ತಗಂಡ್ ಹೋಗು."

ಸಾಹುಕಾರ ಸಿದ್ಧಲಿಂಗೇಶನ ಬೈಗುಳಕ್ಕೆ ಕೂಲಿಯ ಗುತ್ಯವ್ವ ತಲೆ ಎತ್ತಲಿಲ್ಲ. ಬುಟ್ಟಿಯನ್ನು ಆ ಕಡೆಗೆಳೆದುಕೊಂಡು ಮತ್ತೆ ಅವನ ಅಂಗಳದ ಹುಲ್ಲುಹಾಸಿಗೆ ಗುದ್ದಲಿ ಹಾಕಿದಳು. ಹೋದ ವರ್ಷ ಇದೇ ಹುಲ್ಲನ್ನು ಚಾಪೆ ಹಾಸಿದಂತೆ ಹಾಸಿದವಳೂ ಅವಳೇ, ಈಗ ಕೀಳುವವಳೂ ಅವಳೇ. ಶಿಕಾರಿಪುರದ ಅಂಚಿನ ಆ ಬಡಾವಣೆಯಲ್ಲಿ ಇನ್ನು ಹುಲ್ಲಿಗೆ ನೀರು ಬಿಡುವಂತಿಲ್ಲವೆಂದು ಕಾನೂನು ಬಂದಿತ್ತು. ಅರ್ಧ ಅಂಗಳದಲ್ಲಿ ಮಳೆಯನ್ನೇ ನಂಬಿ ಬದುಕುವ ಈ ಸೀಮೆಯ ಗಿಡ ಬೆಳೆಸಿದವರಿಗೆ ಮನೆ ಕಂದಾಯದಲ್ಲಿ ಕಾಲು ಭಾಗ ಮಾಫಿ, ಗೇಟಿಗೊಂದು ಹಸಿರು ಬೋರ್ಡು.

ಪುರಸಭೆ ಆಫೀಸಿನಿಂದ ಬಂದಿದ್ದ ಸುರೇಂದ್ರ ಗಿಡಗಳ ಹೆಸರನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದ. ಕೇಳುವವನಿಗೆ ತಿಳಿಯಲಿಲ್ಲ, ಓದುವವನಿಗೂ ತಿಳಿದಂತಿರಲಿಲ್ಲ. ಮೊಬೈಲಿನಲ್ಲಿ ಒಂದು ಹಳದಿ ಹೂವಿನ ಚಿತ್ರ ತೋರಿಸಿದಾಗ ಗುತ್ಯವ್ವ ತಡೆಯಲಾರದೆ ಬಾಯಿಬಿಟ್ಟಳು.

"ಅದು ತಂಗಡಿ ಅಲ್ಲೇನ್ರೀ? ನನ್ನ ಬಚ್ಚಲ ಸುತ್ತ ಅದೇ ಐತೆ. ಆಳೆತ್ತರ ಬೆಳ್ದೈತೆ. ಒಂದು ಚೊಂಬು ನೀರು ಕೇಳಿಲ್ಲ."

ಯಾರೋ ತನ್ನ ತವರಿನವರ ಕ್ಷೇಮ ವಿಚಾರಿಸಿದಷ್ಟು ಹಿಗ್ಗಾಯಿತು ಅವಳಿಗೆ. "ನಂದೂ ಬರ್ಕಳಿ ಸಾರ್, ಹಂಗಾರೆ."

"ನಿನ್ನ ಗುಡಿಸ್ಲಿಗೆ ಖಾತೆ ಐತೇನಮ್ಮ?" ಎಂದ ಸುರೇಂದ್ರ.

"ಅದೆಲ್ಲಿಂದ ಬರ್ಬೇಕು."

"ಖಾತೆ ಇಲ್ದಿರೋ ಜಾಗದಾಗೆ ಬೆಳೆಯೋದು ಗಿಡ ಅಲ್ಲಮ್ಮ, ಪೊದೆ. ಪೊದೆ ಸವರ್ಬೇಕು ಅಂತ ಬೇರೆ ರೂಲೇ ಐತಿ."

ಗಂಡಸರಿಬ್ಬರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಸಾಹುಕಾರನ ಕಣ್ಣು ಅವಳ ಮೇಲೆ ನಿಂತಿತ್ತು.

"ಸೋಮವಾರ ತಪಾಸಣೆ. ಆಳೆತ್ತರ ಅಂದ್ಯಲ್ಲ?"

ಸೊರಬದ ಕಡೆಯಿಂದ ಮದುವೆಯಾಗಿ ಬಂದವಳು ಗುತ್ಯವ್ವ. ಗಂಡ ಹೋದ ಮೇಲೆ ಹಳ್ಳದ ದಂಡೆಯ ಗುಡಿಸಲಿನಲ್ಲಿ ಒಬ್ಬಳೇ. ಬಚ್ಚಲು ಕಟ್ಟಿಸಲಾಗದೆ, ಒಂದು ಚಪ್ಪಡಿಕಲ್ಲಿನ ಸುತ್ತ ತಂಗಡಿ ಬೀಜ ಊರಿದ್ದಳು. ಅವು ಬೆಳೆಯುವ ತನಕ ನಾಲ್ಕು ವರ್ಷ, ಕೋಳಿ ಕೂಗುವ ಮುಂಚೆ, ಸೀರೆ ಬಿಚ್ಚದೆ, ಕಳ್ಳರ ಹಾಗೆ ಮಿಂದಿದ್ದಳು. ಬೇಲಿ ತಲೆಗಿಂತ ಎತ್ತರವಾದ ದಿನ ಮೊದಲ ಬಾರಿಗೆ ಬಿಸಿಲಿನಲ್ಲಿ ಕೂತು ಮಿಂದಳು. ತನ್ನ ಮೊಣಕಾಲ ಮೇಲೊಂದು ಮಚ್ಚೆ ಇರುವುದು ಅವತ್ತೇ ಅವಳಿಗೆ ಗೊತ್ತಾದದ್ದು. ಅಲ್ಲಿಂದಾಚೆ ಕಷ್ಟಸುಖವೆಲ್ಲ ಆ ಗಿಡಗಳ ಜೊತೆಗೇ. ಅವು ಹೂಂಗುಟ್ಟುತ್ತವೆಂದು ಅವಳ ನಂಬಿಕೆ, ಗಾಳಿ ಇಲ್ಲದ ದಿನವೂ.

ಭಾನುವಾರ ಆ ಗಿಡಗಳನ್ನು ಕಿತ್ತೊಯ್ಯಲು ಗುಡಿಸಲ ಮುಂದೆ ಸಾಹುಕಾರನ ಟ್ರ್ಯಾಕ್ಟರ್ ನಿಂತಿತು.

"ತಾಯಿಬೇರು ಆಳಕ್ಕಿಳಿದೈತೆ ಸಾವ್ಕಾರ್ರೆ. ಕಡಿದ್ರೆ ಉಳಿಯಲ್ಲ."

"ಒಂದಿನ ನಿಂತ್ರೆ ಸಾಕು. ಫೋಟೋ ತಗಂಡ್ ಹೋಗ್ತಾರೆ."

"ನಾನೆಲ್ಲಿ ಮೀಯ್ಲಿ?"

"ಹಳ್ಳದಾಗೆ ಮೀಯಿ. ನಿನ್ನ ಯಾವನ್ ನೋಡ್ತಾನೆ ಬೋಸುಡಿ? ಇದು ಸರ್ಕಾರಿ ಜಾಗ. ಒಂದು ಫೋನ್ ಹಚ್ಚಿದ್ರೆ ನಿನ್ನ ಗುಡಿಸ್ಲೂ ಪೊದೆನೇ ಆಕ್ಕತಿ."

ಗುದ್ದಲಿ ಅವಳದೇ, ಕೈ ಅವಳದೇ. ಹದಿನೆಂಟು ಗಿಡ. ಒಂದನ್ನಾದರೂ ಬಿಡಿ ಎಂದಳು, ಅದನ್ನೂ ಹೇರಿಸಿದ. ಅವನ ಅಂಗಳದಲ್ಲಿ ಅವನ್ನೆಲ್ಲ ನೆಟ್ಟು ಅವಳು ಮರಳಿದಾಗ ಚಪ್ಪಡಿಕಲ್ಲು ಬಟಾಬಯಲಲ್ಲಿ ಬಿದ್ದಿತ್ತು. ಪಕ್ಕದ ರಸ್ತೆಯಲ್ಲಿ ಶಿರಾಳಕೊಪ್ಪದ ಬಸ್ಸು ಹಾದುಹೋಯಿತು, ಕಿಟಕಿ ತುಂಬ ಮುಖ. ಗುತ್ಯವ್ವ ಮೈಮೇಲಿನ ಮಣ್ಣಿನೊಂದಿಗೇ ಒಳಗೆ ಹೋಗಿ ಕೂತಳು. ಏನೋ ಹೇಳಲು ಬಾಯಿ ತೆರೆದಳು. ಕೇಳುವವರಿರಲಿಲ್ಲ.

ಸೋಮವಾರ ಹೊತ್ತೇರಿದ ಮೇಲೆ ಸುರೇಂದ್ರ ಬೋರ್ಡು ತಂದ. ತಂಗಡಿಗಳು ಆಗಲೇ ಎಲೆ ಜೋಲುಹಾಕಿದ್ದವು.

"ಒಂಚೂರು ನೀರಾದ್ರೂ ಹಾಕಿಸ್ರೀ," ಎಂದಳು ಸಾಹುಕಾರನ ಹೆಂಡತಿ ನೀಲಾಂಬಿಕ.

"ಸುಮ್ನಿರೇ. ನೀರು ಹಾಕಿದ್ರೆ ಮಾಫಿ ಹೋಗ್ತತಿ."

ಆಗ ಮುಂದಿನ ಗೇಟು ಸದ್ದಾಯಿತು. ತಲೆಯ ಮೇಲೆ ಕೊಡ, ಕೈಯಲ್ಲಿ ಚೊಂಬು, ಸೋಪಿನ ಚೂರು. ಗುತ್ಯವ್ವ ಯಾರನ್ನೂ ನೋಡದೆ ಅಂಗಳ ದಾಟಿ ಬಂದು ಗಿಡಗಳ ನಡುವೆ ಕೊಡ ಇಳಿಸಿದಳು.

"ಏನೇ ಇದು?" ಎಂದ ಸಾಹುಕಾರ.

"ಮೀಯಾಕೆ ಬಂದೀನಿ."

ಸೆರಗು ಇಳಿಸಿ ಕುಕ್ಕರಗಾಲಲ್ಲಿ ಕೂತಳು. ಸಾಹುಕಾರ ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. ಬೈಗುಳ ಬಂತು, ಕಾಲು ಬರಲಿಲ್ಲ. ಫೋಟೋಕ್ಕೆ ಎತ್ತಿದ್ದ ಮೊಬೈಲನ್ನು ಸುರೇಂದ್ರ ಮೆಲ್ಲಗೆ ಜೇಬಿಗಿಳಿಸಿದ.

"ಮುಖ ಆ ಕಡೆ ಮಾಡ್ರೀ ಇಬ್ರೂ," ಎಂದಳು ನೀಲಾಂಬಿಕ.

ಇಬ್ಬರೂ ಗೋಡೆಗೆ ಮುಖ ಮಾಡಿ ನಿಂತರು.

"ಮುಗೀತಾ?" ಗೋಡೆಯ ಕಡೆಯಿಂದಲೇ ಸಾಹುಕಾರ ಕೇಳಿದ.

"ತಡೀರಿ ಸಾವ್ಕಾರ್ರೆ. ಇನ್ನೂ ತಲೆಗೆ ಹಾಕ್ಕಂಡಿಲ್ಲ."

ಒಂದೊಂದು ಚೊಂಬು ಎರೆದಾಗಲೂ ಮೊಣಕೈ ತಾಗಿ ಬಾಡಿದ ಎಲೆಗಳು ಉದುರಿ ಅವಳ ಒದ್ದೆ ಬೆನ್ನಿಗೆ ಅಂಟುತ್ತಿದ್ದವು. ಮರೆ ತೆಳುವಾಗುತ್ತ ಬಂತು. ಕಡ್ಡಿಗಳ ಸಂದಿನಿಂದ ರಸ್ತೆ ಕಂಡಿತು, ರಸ್ತೆಗೆ ಅವಳು ಕಂಡಳು. ಗುತ್ಯವ್ವ ಕೊಡ ಬಗ್ಗಿಸಿ ಮತ್ತೊಂದು ಚೊಂಬು ತುಂಬಿಕೊಂಡಳು.