ಹೊಗೆ ಕರಗುವ ತನಕ

ಎರಡು ಗಿಡ್ಡ, ಒಂದು ಉದ್ದ: ಊರಿಗಾಂನ ಗಣಿ ಕಾರ್ಮಿಕರ ಲೈನು ಮನೆಗಳಿಗೆ ಬೆಳಗಾಗುವುದು ಕುಪ್ಪುಸ್ವಾಮಿಯವರ ಕೆಮ್ಮಿನಿಂದ. ಚಿನ್ನದ ಗಣಿ ಕೊಟ್ಟ ಆ ಕೆಮ್ಮನ್ನು ಅವರು ಇಪ್ಪತ್ತು ವರ್ಷ ರಂಗದ ಮೇಲೆ ದುಡಿಸಿಕೊಂಡರು. ಹಗೆಯ ಎರಡು ಮನೆಗಳ ಮಕ್ಕಳು ಒಂದು ಸಂಜೆ ಒಲಿದು, ಮರುದಿನವೇ ಮದುವೆಯಾಗಿ, ವಾರ ತುಂಬುವ ಮೊದಲೇ ಸಾಯುವ ಹಳೆಯ ದುಃಖಾಂತ ನಾಟಕವೊಂದನ್ನು ಕಾರ್ಮಿಕರ ಸಂಘ ವರ್ಷಕ್ಕೊಮ್ಮೆ ಆಡುತ್ತಿತ್ತು. ಅದರಲ್ಲಿ ಹುಡುಗಿಯ ಸಾಕುದಾಯಿಯ ಪಾತ್ರ ಇವರದೇ. ಹೆಂಡತಿ ಆದಿಲಕ್ಷ್ಮಮ್ಮನ ಕಾಫಿಪುಡಿ ಬಣ್ಣದ ಸೀರೆ ಸುತ್ತಿ, ಸೊಂಟ ಬಾಗಿಸಿ, ಕೆಮ್ಮುತ್ತಾ ಬಂದರೆ ಸಾಕು, ಮಾತಿಗೆ ಮೊದಲೇ ಜನ ನಗುತ್ತಿದ್ದರು.

ಗಣಿಯಲ್ಲಿ ಅವರದು ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ. ಸಿಡಿದ ಮೇಲೆ ವಿಷದ ಹೊಗೆ ಕರಗುವ ತನಕ ಯಾರೂ ಒಳಗೆ ಕಾಲಿಡಬಾರದು. ಆತುರಪಟ್ಟು ನುಗ್ಗಿದ ಇಬ್ಬರನ್ನು ಅವರೇ ಹೊತ್ತು ತಂದಿದ್ದರು. ಆ ಕಟ್ಟಳೆಯನ್ನು ಒಂದು ವರ್ಷ ದಾಯಿಯ ಬಾಯಿಗೆ ಸೇರಿಸಿದರು. ಓಡಲು ನಿಂತ ಹುಡುಗಿಯ ಗದ್ದ ಹಿಡಿದು, “ಸಿಡಿಯೋದು ಸಿಡೀತು, ತಾಯಿ. ಹೊಗೆ ಕರಗ್ಲಿ, ಆಮೇಲೆ ಒಳಕ್ಕೋಗು” ಅಂದಾಗ ಗಣಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಎಚ್ಚರಿಕೆ ಯಾರ ಕಿವಿಗೂ ಬೀಳಲಿಲ್ಲ.

ಮಗಳು ಇಂದ್ರಾಣಿ ಹತ್ತೊಂಬತ್ತರಲ್ಲಿ, ಬಂಗಾರಪೇಟೆಯ ರೈಲಿನಲ್ಲಿ ಹದಿನೇಳು ದಿನ ಕಂಡ ಹುಡುಗನ ಮಾತು ತೆಗೆದಾಗ ಅವರಿಗೆ ಭಯವಾಯಿತು. ಅದನ್ನು ಭಯವೆಂದು ಹೇಳಲು ಬಾರದೆ, ಸೊಂಟ ಬಾಗಿಸಿ ದಾಯಿಯ ದನಿಯಲ್ಲಿ ಅದೇ ಮಾತಾಡಿದರು. ಮಗಳು ನಕ್ಕಳು, ಅಪ್ಪ ಒಪ್ಪಿದರೆಂದುಕೊಂಡು ಆ ವಾರವೇ ಬೂದಿಕೋಟೆಯ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡಳು. ಎರಡು ವರ್ಷಕ್ಕೆ ಕೈಗೂಸಿನೊಡನೆ ಹಿಂದಿರುಗಿದವಳು ಯಾರನ್ನೂ ದೂರಲಿಲ್ಲ. ಒಮ್ಮೆ ಮಾತ್ರ, ಅಕ್ಕಿ ಆರಿಸುತ್ತಾ, ತಲೆಯೆತ್ತದೆ ಕೇಳಿದಳು: “ಅವತ್ತು ನಿಜವಾಗ್ಲೂ ಬೇಡ ಅಂದ್ಯಾ, ಅಪ್ಪಾ?”

ಅಂದಿನಿಂದ ಕುಪ್ಪುಸ್ವಾಮಿ ಬಣ್ಣ ಹಚ್ಚಲಿಲ್ಲ.

ಆ ಕೂಸು ಲಿಖಿತಳಿಗೆ ಈಗ ಇಪ್ಪತ್ತು. ಮೊನ್ನೆ ಮನೆಯ ಮುಂದಿನ ಕಟ್ಟೆಯ ಮೇಲೆ, ಫೋನಿನಲ್ಲಿ ತಾತನಿಗೆ ಹುಡುಗನ ಫೋಟೋ ತೋರಿಸಿ, ಪರಿಚಯವಾಗಿ ಒಂದು ತಿಂಗಳು, ಸೋಮವಾರ ರಿಜಿಸ್ಟರ್ ಮದುವೆ, ಅಮ್ಮನಿಗೆ ನೀನೇ ಹೇಳಬೇಕು ಎಂದಳು. ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತರು.

“ಬೇಡ ಕಣಮ್ಮ. ಒಂದು ವರ್ಷ ಕಾಯಿ. ನಂಗೆ ಭಯ ಆಗ್ತೈತೆ.”

ಮಾತಿನ ಬೆನ್ನಿಗೇ ಕೆಮ್ಮು ಬಂತು: ಎರಡು ಗಿಡ್ಡ, ಒಂದು ಉದ್ದ.

ಲಿಖಿತ ಚಪ್ಪಾಳೆ ತಟ್ಟಿ ನಕ್ಕಳು. “ಅಮ್ಮ ಹೇಳ್ತಿದ್ದ ನಾಟಕದ ಮುದುಕಿ ಇದೇನಾ, ತಾತ? ಇನ್ನೊಂದ್ಸಲ ಮಾಡು.”

ನಗಿಸುವವರ ಪಾಡು ಇದು. ಊರಿನ ದುಃಖವನ್ನೆಲ್ಲ ಹಗುರ ಮಾಡಿದ ದನಿ, ತಮ್ಮ ಮನೆಯಲ್ಲಿ ಒಂದೇ ಒಂದು ಭಾರದ ಮಾತನ್ನು ಹೊರಲಾರದೆ ಹೋಗುತ್ತದೆ. ಕೇಳುವವರು ಅವರ ಕಣ್ಣು ನೋಡುವುದಿಲ್ಲ, ನಗುವ ಜಾಗಕ್ಕಾಗಿ ಕಾಯುತ್ತಾರೆ.

ಅವಳು ಸಾಕ್ಷಿ ಹಾಕುವವರು ಯಾರೆಂದು ಹೇಳುತ್ತಿದ್ದಳು. ಕುಪ್ಪುಸ್ವಾಮಿ ಎದ್ದರು. ಮತ್ತೆ ಒತ್ತರಿಸಿ ಬಂದ ಕೆಮ್ಮನ್ನು ಟವೆಲಿನಲ್ಲಿ ಅದುಮಿ, ಸೊಂಟ ಬಾಗಿಸದೆ, ಮೈಸೂರು ಮೈನ್ಸ್ ಗಣಿಯ ಕಡೆಯ ದಾರಿ ಹಿಡಿದು ನಡೆದರು.

“ತಾತ, ನಾನಿನ್ನೂ ಹೇಳ್ತಾ ಇದ್ದೀನಿ...”

ಅವರು ತಿರುಗಲಿಲ್ಲ. ಬೆನ್ನ ಹಿಂದೆ ಅವಳ ನಗು ನಿಂತುಹೋಗಿತ್ತು.