ಪ್ರಮೀಳಾ ಕೂಗಿದ ಬುಡು

ಹುಣಸೂರಿನ ಮೈದಾನದಲ್ಲಿ ಚಂದ್ರಿಕಾಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲುವುದಾದರೂ ಹೇಗೆ ಹೇಳಿ! ಗೆರೆಯಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಡಾನಾ ಮೇಡಂ ಕೂತಿದ್ದರು. ಅಮೆರಿಕದ ಕ್ಲಬ್ಬುಗಳಲ್ಲಿ ಹನ್ನೆರಡು ವರ್ಷ ಡಿಫೆಂಡರ್ ಆಗಿ ಫುಟ್‌ಬಾಲ್ ಆಡಿ, ಎರಡು ಸಲ ಮಂಡಿ ಆಪರೇಷನ್ ಮಾಡಿಸಿಕೊಂಡು, ಈಗ ಬೆಂಗಳೂರಿನ ಮಹಿಳಾ ಕ್ಲಬ್ಬೊಂದಕ್ಕೆ ಕೋಚ್ ಆಗಿ ಬಂದವರು. ಅವರ ಹಳೆಯ ಆಟಗಳನ್ನು ಚಂದ್ರಿಕಾ ಸರಗೂರಿನ ಬಸ್ಸಿನಲ್ಲಿ ಫೋನು ಹಿಡಿದು ನೋಡಿ ನೋಡಿ ಬಾಯಿಪಾಠ ಮಾಡಿದ್ದಳು. ಎದುರಾಳಿಯ ಕಾಲು ನೋಡಬೇಡ, ಸೊಂಟ ನೋಡು ಎಂಬುದನ್ನು ಕಲಿತದ್ದೂ ಅಲ್ಲಿಂದಲೇ.

ಇವತ್ತಿನ ಆಟ ನೋಡಿ ಚಂದ್ರಿಕಾಳ ತಂಡದಿಂದ ಮೇಡಂ ಆರಿಸುವುದು ಒಬ್ಬಳನ್ನು ಮಾತ್ರ, ತಮ್ಮ ಕ್ಲಬ್ಬಿನ ಸಂಬಳದ ಆಟಕ್ಕೆ. ಚಂದ್ರಿಕಾಗೆ ಇಪ್ಪತ್ತಾರು ದಾಟಿದೆ. ಇದು ತಪ್ಪಿದರೆ ಇನ್ನೊಂದು ಸಲ ಯಾರೂ ಕರೆಯುವುದಿಲ್ಲ. ಬೀಚನಹಳ್ಳಿ ಕಡೆಯ ರೆಸಾರ್ಟಿನಲ್ಲಿ ಹಾಸಿಗೆ ಕೊಡವುತ್ತಾ ಇರಬೇಕಾದ್ದೇ.

ಎಂಬತ್ತು ನಿಮಿಷ ಒಂದು ಚೆಂಡೂ ಡಿಫೆಂಡರ್ ಆಗಿ ನಿಂತ ಅವಳನ್ನು ದಾಟಲಿಲ್ಲ. ಆಮೇಲೆ ಬಂತು ನೋಡಿ ಗ್ರಹಚಾರ. ತೇಲಿ ಬಂದ ಚೆಂಡೊಂದು ಗೋಲಿನ ಮುಂದೆ ಪುಟಿಯಿತು. ಹಿಂದಿನಿಂದ ಗೋಲ್‌ಕೀಪರ್ ಪ್ರಮೀಳಾ, ಬಿಳಿಕೆರೆಯವಳು, "ಬುಡು!" ಎಂದು ಕಿರುಚಿದಳು.

ಬಿಟ್ಟುಬಿಡು, ನಾನು ಹಿಡಿಯುತ್ತೇನೆ ಎಂಬ ಬುಡು ಅದು. ಆದರೆ ನಮ್ಮ ಕಡೆ ಜಗಳದಲ್ಲಿ 'ಬುಡು ಒಂದ' ಎಂದರೆ ಬಾರಿಸು ಎಂದೇ ಅರ್ಥ. ಹಾಳಾದ್ದು, ಚಂದ್ರಿಕಾಗೆ ಕೇಳಿಸಿದ್ದು ಆ ಬುಡು! ಬಾರಿಸಿಯೇಬಿಟ್ಟಳು. ಅವಸರದಲ್ಲಿ ಚೆಂಡು ಅಡ್ಡ ತಗುಲಿ, ಓಡಿ ಬಂದ ಪ್ರಮೀಳಾಳ ತಲೆಯ ಮೇಲಿಂದ ಹಾರಿ ತಮ್ಮದೇ ಗೋಲಿನೊಳಗೆ ಬಿತ್ತು. ಆಟ ಸೋತರು.

ಪ್ರಮೀಳಾ ನಲ್ಲಿಯ ಹತ್ತಿರ ಅಳುತ್ತಾ ಮುಖ ತೊಳೆಯುತ್ತಿದ್ದಾಗ ಮೇಡಂ ಚಂದ್ರಿಕಾಳ ಬಳಿ ಬಂದರು. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ತಂಡದ ಮ್ಯಾನೇಜರ್ ಯತೀಶ್ ಕನ್ನಡದಲ್ಲಿ ಕೇಳಿದರು: "ಆ ಗೋಲ್‌ಕೀಪರ್ ಹುಡುಗಿ ಕೂಗಲೇ ಇಲ್ವಾ ಅಂತಾರೆ ಮೇಡಂ."

ಚಂದ್ರಿಕಾಗೆ ಮೈಯೆಲ್ಲ ಉರಿದುಹೋಯಿತು. "ಕೂಗ್ನಿಲ್ವಾ? ಗಂಟ್ಲು ಅರ್ಕಂಡ್ ಕೂಗುದ್ಲು! ಅವ್ಳು ಬುಡು ಅಂದಿದ್ಕೇ ನಾನು ಬುಟ್ಟಿದ್ದು. ತಪ್ಪೆಲ್ಲಾ ಅವ್ಳ್ದೇ ಕಣ್ರೀ ಸಾರ್!"

ಯತೀಶ್ ದೂರಿದ ಅರ್ಧ ನುಂಗಿ, ಕೂಗಿದಳೆಂಬ ಅರ್ಧ ಮಾತ್ರ ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ಹುಬ್ಬು ಮೇಲೇರಿತು. ಚೀಟಿ ತೆಗೆದು ಏನೋ ಹೊಡೆದುಹಾಕಿ, ಏನೋ ಬರೆದರು.

"ಏನಂತೆ ಸಾರ್?"

"ನೀವಿಬ್ರೂ ಪಟ್ಟೀಲಿದ್ರಿ ಕಣಮ್ಮ. ಪ್ರಮೀಳಾ ಬಾಯಿ ಬಿಡಲ್ಲ ಅಂತ ಕೈಬಿಟ್ಟು, ನಿನ್ನನ್ನೇ ಬರ್ಕೊಂಡಿದ್ರು. ಗಾಳೀಲಿ ಅವಳು ಕೂಗಿದ್ದು ಮೇಡಂಗೆ ಕೇಳಿಸಿರಲಿಲ್ಲವಂತೆ. ಕೂಗೋ ಗೋಲ್‌ಕೀಪರನ್ನೇ ಇಷ್ಟು ದಿನ ಹುಡುಕ್ತಿದ್ದಿದ್ದು. ಅವಳನ್ನೇ ತಗೊಂಡ್ರು."

ಅಯ್ಯೋ, ಸುಮ್ಮನಿದ್ದಿದ್ದರೆ ಸಾಕಿತ್ತಲ್ಲ! ಚಂದ್ರಿಕಾ ಬೂಟಿನ ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು. ಮೇಡಂ ಆಗಲೇ ಕುಂಟುತ್ತಾ ಕಾರಿನತ್ತ ಹೊರಟಿದ್ದರು, ಯತೀಶ್ ನಲ್ಲಿಯತ್ತ.

ಅಷ್ಟರಲ್ಲಿ ಪ್ರಮೀಳಾ ಒದ್ದೆ ಮುಖದಲ್ಲೇ ಓಡಿ ಬಂದು ತಬ್ಬಿಕೊಂಡಳು.

"ಚಂದ್ರಕ್ಕಾ, ಯತೀಶ್ ಸಾರ್ ಯೋಳುದ್ರು. ನಿಂಗೆ ಬಂದಿದ್ ಜಾಗಾನೂ ಬುಟ್ಟು ನನ್ ಪರ್ವಾಗಿ ಮಾತಾಡ್ದ್ಯಂತೆ! ನಮ್ಮವ್ವನೂ ನಂಗೆ ಇಷ್ಟು ಮಾಡಿಲ್ಲ ಕಣಕ್ಕ."

ಸಿಟ್ಟಿನ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಚಂದ್ರಿಕಾ ಅವಳ ಬೆನ್ನು ಸವರಿದಳು. ನಿಜ ಹೇಳುವ ಧೈರ್ಯ ಬರಲಿಲ್ಲ.