ಚಂದ್ರಮತಿ ಅಜ್ಜಿಯ ಹಸಿರು ಕಾಗದ

ದೇಶದೇಶಗಳ ಸಂಸ್ಕೃತಿಯನ್ನು ಕಾಗದದಲ್ಲಿ ಕತ್ತರಿಸಿ ಮಕ್ಕಳಿಗೆ ಕಲಿಸಬೇಕಂತೆ. ಚಾಮರಾಜನಗರದ ಆಫೀಸಿನಿಂದ ಟೀಚರುಗಳ ವಾಟ್ಸಾಪ್ ಗುಂಪಿಗೆ ಅಪ್ಪಣೆ ಬಂದು ಬಿತ್ತು. ಜಪಾನಿನ ಕೊಕ್ಕರೆ, ಚೀನಾದ ಲಾಂದ್ರ, ಮೆಕ್ಸಿಕೋದ ತೋರಣ. ನನ್ನ ಅಂಗನವಾಡಿಯ ಮಕ್ಕಳಿಗೆ ಗುಂಡ್ಲುಪೇಟೆಯೇ ಪರದೇಶ. ಮೂಗು ಒರೆಸಿಕೊಳ್ಳಲು ಬಾರದ ಕೂಸುಗಳ ಕೈಗೆ ಮೆಕ್ಸಿಕೋ ಕೊಡು ಎಂದರೆ ಸುಮ್ಮನೆ ತಲೆ ಚಚ್ಚಿಕೊಳ್ಳಬೇಕು.

ಆದರೆ ಚಚ್ಚಿಕೊಳ್ಳುತ್ತಾ ಕೂರುವಂತಿರಲಿಲ್ಲ. ಇಲ್ಲಿ ಮಕ್ಕಳು ಕಡಿಮೆ, ಊರವರಿಗೆ ಆಸಕ್ತಿಯಿಲ್ಲ, ಹೆದ್ದಾರಿಯಾಚೆಯ ಊರಿನ ಕೇಂದ್ರಕ್ಕೆ ಇದನ್ನು ಸೇರಿಸಿಬಿಡೋಣ ಎಂಬ ಮಾತು ನಡೆದಿತ್ತು. ಬಂಡೀಪುರದ ಗೇಟು ತೆರೆದರೆ ರಾತ್ರಿಯೆಲ್ಲ ತಡೆದು ನಿಂತ ಲಾರಿಗಳು ಹಗ್ಗ ಬಿಚ್ಚಿದ ಹೋರಿಗಳಂತೆ ನುಗ್ಗುವ ರಸ್ತೆ ಅದು. ಅದನ್ನು ಮೂರು ವರ್ಷದ ಮಕ್ಕಳು ದಾಟಬೇಕು. ಸೂಪರ್‌ವೈಸರ್ ಮೇಡಂ ಮರುದಿನ ಬಂದು, ಕಾಗದದ ಕೆಲಸ ನೋಡಿ, ತೀರ್ಮಾನ ಹೇಳುತ್ತೇನೆ ಎಂದರು. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು.

ಊರಿನಲ್ಲಿ ಕಾಗದ ಕತ್ತರಿಸಲು ಬರುವವನು ಶಿವಮಲ್ಲು ಒಬ್ಬನೇ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಕೂರಿಸಿ ಹೊರುವ ಬಿದಿರಿನ ವಿಮಾನಕ್ಕೆ ಬಣ್ಣದ ಕಾಗದದ ಜಾಲರಿ, ಕುಚ್ಚು ಅಂಟಿಸುವುದು ಅವನ ಕೆಲಸ. ಅವನ ಜಂಬ ನೋಡಬೇಕು, ಅವನ ಜಾಲರಿಗಾಗಿಯೇ ಜನ ಸಾಯುತ್ತಾರೆ ಎನ್ನುವ ಹಾಗೆ ಮಾತಾಡುತ್ತಾನೆ. ಅವನಿಗೆ ಫೋನು ಮಾಡಿ, ಬೆಳಿಗ್ಗೆಗೆ ಬಣ್ಣದ ಕಾಗದ ಕತ್ತರಿಸಿಕೊಂಡು ಅಂಗನವಾಡಿ ಹತ್ತಿರ ಬಾ ಎಂದೆ. ಆಯ್ತವ್ವ ಎಂದು ದನಿ ತಗ್ಗಿಸಿ ಫೋನಿಟ್ಟ. ಅಷ್ಟು ವಿನಯ ಅವನದಲ್ಲವೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಕಾಗದ ಬೇಕು ಎಂದು ಫೋನು ಬಂದರೆ ಸತ್ತದ್ದು ಯಾರು ಎಂದು ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ಶಿವಮಲ್ಲು ಕೇಳದೆಯೇ ಲೆಕ್ಕ ಹಾಕಿದ. ಅಂಗನವಾಡಿಯ ಪಕ್ಕದ ಮನೆ ಶಂಭುಲಿಂಗಪ್ಪನವರದು, ಅವರ ತಾಯಿ ಚಂದ್ರಮತಿ ಅಜ್ಜಿ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಇನ್ನೇನು ಬೇಕು? ರಾತ್ರಿಯೇ ಊರಿಗೆಲ್ಲ ಸುದ್ದಿ ಮುಟ್ಟಿಸಿದ. ಮಕ್ಕಳನ್ನು ಕರೆದುಕೊಂಡು ನಾನು ಬೀಗ ತೆಗೆಯಲು ಹೋದರೆ ಪಕ್ಕದ ಮನೆಯ ಜಗುಲಿಯ ತುಂಬ ಬಿದಿರು, ಗುಲಾಬಿ ಜಾಲರಿ, ಹಳದಿ ಕುಚ್ಚು, ಅದರ ಹಿಂದೆ ಹಾರ ಹಿಡಿದ ಅರ್ಧ ಊರು. ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಅಜ್ಜಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಗೊತ್ತಿಲ್ಲದವರ ಅಳುವೇ ಜೋರಾಗಿತ್ತು. ಹಲ್ಲುಜ್ಜುತ್ತಾ ಹೊರಗೆ ಬಂದ ಶಂಭುಲಿಂಗಪ್ಪನವರನ್ನು ತಬ್ಬಿಕೊಂಡು ಸಮಾಧಾನ ಮಾಡಿದರು. ಬಾಯಿ ತುಂಬ ನೊರೆಯಿದ್ದದ್ದರಿಂದ ಅವರಿಗೆ ಅಲ್ಲ ಎನ್ನಲೂ ಆಗಲಿಲ್ಲ.

ಈ ಗಲಾಟೆಗೆ ಅಜ್ಜಿಯೇ ಎದ್ದು ಬಂದಳು. ಗೋಡೆ ಹಿಡಿದು ಜಗುಲಿಗೆ ಬಂದು, ಜಾಲರಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಅಳು ಗಕ್ಕನೆ ನಿಂತಿತು.

"ಯಾರ್ಗಲಾ ಇದು?"

ಶಿವಮಲ್ಲು ತಲೆ ಕೆರೆದುಕೊಂಡ. "ನಿಮ್ಗೇ ಕಣವ್ವ."

"ಗುಲಾಬಿ ನಂಗಾಗಕಿಲ್ಲ. ಹಸುರು ಹಾಕ್ಲಾ."

ಅಷ್ಟರಲ್ಲಿ ಮೇಡಂ ಅವರ ಜೀಪು ಬಂತು. ಮಕ್ಕಳು ಆಗಲೇ ಕಾಗದದ ಮೇಲೆ ಬಿದ್ದು, ಕುಚ್ಚು ಕೊರಳಿಗೆ ಸುತ್ತಿಕೊಂಡು ಕುಣಿಯುತ್ತಿದ್ದರು. ಊರವರ ಕೈಯಲ್ಲಿ ಹಾರವಿತ್ತು, ಹಾಕಲು ಹೆಣವಿರಲಿಲ್ಲ. ಮೇಡಂ ಕೊರಳಿಗೇ ಹಾಕಿದರು. ಇಷ್ಟು ಜನ ಸೇರಿದ್ದನ್ನು ತಾನು ಯಾವ ಅಂಗನವಾಡಿಯಲ್ಲೂ ಕಂಡಿಲ್ಲವೆಂದು ಮೇಡಂ ಹಿಗ್ಗಿ, ಇದು ಯಾವ ದೇಶದ ಕಲೆ ಎಂದು ಕೇಳಿದರು. ಮೆಕ್ಸಿಕೋ ಎಂದುಬಿಟ್ಟೆ. ಅಲ್ಲೂ ಸತ್ತವರ ಹಬ್ಬಕ್ಕೆ ಹೀಗೇ ಕಾಗದ ಕಟ್ಟುತ್ತಾರೆಂದು ವಿಡಿಯೋದಲ್ಲಿ ನೋಡಿದ್ದೆ, ಅಷ್ಟರಮಟ್ಟಿಗೆ ಸುಳ್ಳಲ್ಲ.

ಎಲ್ಲ ಚೆನ್ನಾಗಿದೆ, ಆದರೆ ಮಕ್ಕಳ ಸಂಖ್ಯೆ ಸಾಲದು, ರಸ್ತೆಯಾಚೆಗೆ ಸೇರಿಸುವುದೇ ಸರಿ ಎಂದರು ಮೇಡಂ. ಅಜ್ಜಿ ತನ್ನ ಪಕ್ಕ ಕತ್ತರಿ ಹಿಡಿದು ಕೂತಿದ್ದ ಪುಟ್ಟ ಮೀನಾಳ ತಲೆಯ ಮೇಲೆ ಕೈಯಿಟ್ಟಳು. ಮೀನಾ ಹಸಿರು ಕಾಗದವನ್ನು ಇಲಿ ಕಡಿದ ಹಾಗೆ ಕತ್ತರಿಸಿದ್ದಳು.

"ಇವ್ರು ಕಲ್ತು ನಂಗೆ ಕತ್ತರಿಸ್ಲಿ ಕಣವ್ವ, ಅದು ನ್ಯಾಯ. ಆ ರೋಡಿಗೆ ಕಳ್ಸಿ, ಇವ್ರಿಗೆ ನಾನು ಕತ್ತರಿಸೋ ಅಂಗೆ ಮಾಡ್ಬುಡ್ಬ್ಯಾಡ."

ಹೆದ್ದಾರಿಯಲ್ಲಿ ಲಾರಿಯೊಂದು ಹಾರನ್ ಹೊಡೆಯುತ್ತಾ ಹೋಯಿತು. ಆಗ ಸುಳ್ಳೇ ಅತ್ತಿದ್ದ ಹೆಂಗಸರಲ್ಲಿ ಒಬ್ಬಳು ತನ್ನ ಮಗುವನ್ನು ಎಳೆದು ಸೊಂಟಕ್ಕೆ ಹಾಕಿಕೊಂಡು ನಿಜವಾಗಿ ಅತ್ತಳು. ಮೇಡಂ ಕೊರಳಿನ ಹಾರ ತೆಗೆದು, ಕೇಂದ್ರ ಇಲ್ಲೇ ಇರಲಿ ಎಂದು ಬರೆಯುತ್ತೇನೆ ಎಂದರು.

ಬರೆದರು ಕೂಡ. ಅಜ್ಜಿ ಈಗ ದಿನಾ ಬಂದು ಮಕ್ಕಳ ನಡುವೆ ಕೂರುತ್ತಾಳೆ, ಅಂಗನವಾಡಿಯ ಉಪ್ಪಿಟ್ಟು ತಿಂದು ಉಪ್ಪು ಸಾಲದೆಂದು ನನ್ನನ್ನು ಬೈಯುತ್ತಾಳೆ. ಹಸಿರು ಜಾಲರಿಯನ್ನು ನೆಟ್ಟಗೆ ಕತ್ತರಿಸುವುದು ಕಲಿತ ದಿನ ತಾನು ಹೊರಡುತ್ತೇನೆಂದು ಮೀನಾಳಿಗೆ ಹೇಳಿದ್ದಾಳೆ. ಹುಡುಗಿಯ ಕೈ ಈಗ ಚೆನ್ನಾಗಿ ಪಳಗಿದೆ, ಗುಲಾಬಿ, ಹಳದಿ ಎಲ್ಲವನ್ನೂ ನೂಲು ಹಿಡಿದಂತೆ ಕತ್ತರಿಸುತ್ತಾಳೆ. ಹಸಿರನ್ನು ಮಾತ್ರ ಬೇಕೆಂದೇ ಸೊಟ್ಟಗೆ ಕತ್ತರಿಸುತ್ತಾಳೆ.